ಬಣ್ಣ ಹಚ್ಚಿದ್ದು, ಬಣ್ಣ ಬಳಿದದ್ದು

ಖಾನಾಪುರದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಸಾಲಿ ಮಾಸ್ತರ. ವಯಸ್ಸು ನಲವತ್ತು ದಾಟಿದೆ. ಮಡಚಿದರೆ ಗಾಡಿ, ಬಿಚ್ಚಿದರೆ ರೋಬೋಟ್ ಆಗುವ ಆಟಿಕೆ ಕೂಡಿಹಾಕುವ ಚಟ ಮಾತ್ರ ದಾಟಿಲ್ಲ. ಅವನ ಕಪಾಟಿನಲ್ಲಿ ಮೂರು ಜೆಟ್ ವಿಮಾನಗಳು ಸಾಲಾಗಿ ನಿಂತಿವೆ. ಒಂದು ಬೂದು, ಒಂದು ನೀಲಿ, ಒಂದು ಕಪ್ಪು. ಅವನ ಹೆಂಡತಿ ಕೇಳುವುದು ಇಷ್ಟೇ: "ಮೂರೂ ಒಂದ ಅದಾವಲ್ರಿ, ಬಣ್ಣ ಅಷ್ಟ ಬ್ಯಾರೆ. ಒಂದು ಸಾಕಾಗ್ತಿದ್ದಿಲ್ಲೇನು?"

ಇಂಥ ಪ್ರಶ್ನೆ ಬಂದಾಗ ಸಂಗ್ರಹಕಾರರು ಹಲ್ಲು ಕಿರಿದು ಜಾರಿಕೊಳ್ಳುತ್ತಾರೆ. ಜಾರಿಕೊಳ್ಳಬಾರದು. ಈ ಹವ್ಯಾಸದ ಬಗ್ಗೆ ನಾನು ಓದಿದ ಎಷ್ಟೋ ಉದ್ದುದ್ದ ವಿಮರ್ಶೆಗಳಿಗಿಂತ ಆ ಒಂದು ಸಾಲು ಗಟ್ಟಿಯಾಗಿದೆ.

ಒಂದೇ ಅಚ್ಚು, ಬೇರೆ ಬಣ್ಣ, ಬೇರೆ ಹೆಸರು: ಇದಕ್ಕೆ ರೀಪೇಂಟ್ ಅಂತಾರೆ. ಕಂಪನಿಯ ಲೆಕ್ಕ ಸುಲಭ. ದೊಡ್ಡ ಖರ್ಚು ಇರುವುದು ಅಚ್ಚು ಮಾಡಿಸುವುದರಲ್ಲಿ. ಅದು ಒಮ್ಮೆ ತಯಾರಾದರೆ ಪ್ಲಾಸ್ಟಿಕ್‌ನ ಬಣ್ಣ ಬದಲಿಸುವುದು ಅಗ್ಗ. ಹಾಗಾದರೆ ರೀಪೇಂಟ್ ಅಂದರೆ ಬರೀ ಟೊಪ್ಪಿಗೆ ಹಾಕುವ ಕೆಲಸವೋ? ಕೆಲವು ಹೌದು, ಕೆಲವು ಅಲ್ಲ. ಯಾವುದು ಯಾವುದು ಎಂದು ಹೇಳುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಅಳತೆಗೋಲು ಇದೆ. "ಆತ ಇಪ್ಪತ್ತು ವರ್ಷ ಬಣ್ಣ ಹಚ್ಚ್ಯಾನ" ಅಂದರೆ ನಾಟಕದಾಗ ಪಾರ್ಟು ಮಾಡ್ಯಾನ ಅಂತ ಅರ್ಥ. ಬಣ್ಣ ಹಚ್ಚುವುದು ಎಂದರೆ ಬೇರೊಬ್ಬನಾಗುವುದು. ಗೋಡೆಗಾದರೆ ಬಣ್ಣ ಬಳಿಯುತ್ತೇವೆ, ಗೋಡೆ ಗೋಡೆಯಾಗಿಯೇ ಉಳಿಯುತ್ತದೆ. (ನಮ್ಮ ಕಡೆ ಗೋಡಿಗೂ ಹಚ್ಚತಾರ ಅಂತ ತಕರಾರು ತೆಗೀಬ್ಯಾಡ್ರಿ, ವಾದಕ್ಕೆ ಇಷ್ಟು ಸಡಿಲ ಬಿಡಿ.)

1984ರಲ್ಲಿ ಅಮೆರಿಕದ ಹಾಸ್‌ಬ್ರೊ ಕಂಪನಿ ಜಪಾನಿನ ತಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋ ಚೇಂಜ್ ಆಟಿಕೆಗಳನ್ನು ತಂದು ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರಿತು. ಡಯಾಕ್ಲೋನ್‌ನಲ್ಲಿ ಇವಕ್ಕೆ ಜೀವ ಇರಲಿಲ್ಲ. ಪುಟ್ಟ ಚಾಲಕ ಒಳಗೆ ಕೂತು ನಡೆಸುವ ಯಂತ್ರಗಳವು. ಯಂತ್ರಕ್ಕೆ ಎರಡು ಮೂರು ಬಣ್ಣ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ, ಸ್ಕೂಟರಿಗೂ ಇರುತ್ತವೆ. ಹಾಸ್‌ಬ್ರೊ ಇವನ್ನು ಪಾತ್ರಗಳನ್ನಾಗಿ ಮಾಡಲು ಹೊರಟಾಗ ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್ಸ್ಕಿ ಕೂತು ಬಹಳಷ್ಟು ಹೆಸರುಗಳನ್ನೂ ಸ್ವಭಾವಗಳನ್ನೂ ಬರೆದ. ಬಾಕ್ಸಿನ ಹಿಂದೆ ಅಚ್ಚಾದ ಆ ನಾಲ್ಕಾರು ಸಾಲುಗಳೇ ಈ ಇಡೀ ವ್ಯವಹಾರದ ಸಾಹಿತ್ಯ.

ಮಾಸ್ತರನ ಮೂರು ಜೆಟ್ ನೋಡಿ. ಮೂರೂ ಎಫ್-15 ವಿಮಾನವೇ. ಬೂದು ಬಣ್ಣದ ಸ್ಟಾರ್‌ಸ್ಕ್ರೀಮ್‌ಗೆ ನಾಯಕನ ಕುರ್ಚಿಯ ಮೇಲೆ ಕಣ್ಣು. ಕಪ್ಪು ಸ್ಕೈವಾರ್ಪ್‌ಗೆ ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಎದ್ದು ಬರುವ ವಿದ್ಯೆ ಗೊತ್ತು, ಅದನ್ನು ಅವನು ಕಿಡಿಗೇಡಿತನಕ್ಕೆ ಬಳಸುತ್ತಾನೆ. ನೀಲಿ ಥಂಡರ್‌ಕ್ರ್ಯಾಕರ್‌ಗೆ ತಾನು ಯಾರ ಪರವಾಗಿ ಹೊಡೆದಾಡುತ್ತಿದ್ದೇನೋ ಅವರ ಮೇಲೆಯೇ ಪೂರ್ತಿ ನಂಬಿಕೆ ಇಲ್ಲ. ಮೂರನೆಯವನನ್ನು ಮೊದಲನೆಯವನ ಪಕ್ಕ ನಿಲ್ಲಿಸಿದಾಗ ಒಂದು ಸಣ್ಣ ನಾಟಕವೇ ಶುರುವಾಗುತ್ತದೆ, ಅದೂ ಇಬ್ಬರ ಮುಖ ಒಂದೇ ಆಗಿರುವುದರಿಂದ. ಅಣ್ಣತಮ್ಮಂದಿರ ಆಸ್ತಿ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೌಲ್, ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಎಂಬ ಕಾರುಗಳೂ ಹೀಗೆಯೇ. ಒಂದೇ ಡಾಟ್ಸನ್ ಅಚ್ಚಿನಿಂದ ಒಬ್ಬ ಲೆಕ್ಕಾಚಾರದ ಪೊಲೀಸ್, ಒಬ್ಬ ಮಾತಿನಮಲ್ಲ, ಒಬ್ಬ ದಿಕ್ಕು ತಪ್ಪಿಸುವ ಚತುರ ಹುಟ್ಟಿಕೊಂಡರು. ಇದು ಬಣ್ಣ ಹಚ್ಚಿದ್ದು.

ಇನ್ನು ಬಳಿದದ್ದು. ಆ ಕಾಲದ ಕಾರ್ಟೂನಿನಲ್ಲಿ ಬೇರೆ ಬೇರೆ ಬಣ್ಣದ ಜೆಟ್‌ಗಳು ಹಿನ್ನೆಲೆಯಲ್ಲಿ ಹೆಸರಿಲ್ಲದೆ ಹಾರಿ ಹೋಗುತ್ತವೆ. ಎಷ್ಟೋ ವರ್ಷಗಳ ಮೇಲೆ ಅದರಲ್ಲಿ ಹಸಿರು ಜೆಟ್‌ಗೆ ಆಸಿಡ್ ಸ್ಟಾರ್ಮ್ ಎಂದು ಹೆಸರಿಟ್ಟು ಆಟಿಕೆ ಮಾಡಿದರು. ನೀಲಿಗೂ ಹಳದಿಗೂ ಅದೇ ಉಪಚಾರ. ಹಸಿರು ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವನು ಯಾರು? ಹಸಿರು ಜೆಟ್, ಅಷ್ಟೇ. ಗೌರಿ ಹುಣ್ಣಿಮೆಯ ಸಕ್ಕರಿ ಆರತಿ ನೆನಪು ಮಾಡಿಕೊಳ್ಳಿ. ಕಟ್ಟಿಗೆ ಅಚ್ಚಿನಲ್ಲಿ ಎರೆದ ಗುಲಾಬಿ ಗಿಳಿಗೂ ಹಳದಿ ಗಿಳಿಗೂ ರುಚಿ ಒಂದೇ; ಆದರೂ ಗುಲಾಬಿ ನನಗ ಬೇಕು ಅಂತ ಮಕ್ಕಳು ಬಡಿದಾಡುತ್ತಾರೆ. ಮಕ್ಕಳು ಬಡಿದಾಡಲಿ. ಸಕ್ಕರಿ ಗಿಳಿ ನಾಳೆ ಹೊಟ್ಟೆಯಲ್ಲಿರುತ್ತದೆ, ಸಾವಿರಾರು ರೂಪಾಯಿಯ ಜೆಟ್ ಕಪಾಟಿನಲ್ಲಿರುತ್ತದೆ.

ರೂಪಾಯಿಯ ಮಾತು ಬಂತು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಜಿಗಿಯಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ದೇಶದ ಆಟಿಕೆ ಉದ್ಯಮಕ್ಕೆ ಇದು ಬೇಕಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಖಡೇ ಬಜಾರಿನಲ್ಲಿ ಅಡ್ಡಾಡಿ ಬರಿಗೈಲಿ ಮನೆಗೆ ಬರುವ ಸಂಬಳದಾರನಿಗೆ ಈಗ ಆರರಲ್ಲಿ ಒಂದನ್ನು ಆರಿಸುವ ಕಷ್ಟ ಬಂದಿದೆ. ಮುಂಚೆ ಚಟಕ್ಕೆ ವಿಮರ್ಶೆ ಬೇಕಿರಲಿಲ್ಲ, ಈಗ ಬೇಕು.

ನಮ್ಮ ಭಾಗದ ಇನ್ನೊಂದು ಕಥೆ ಬಹಳ ಜನರಿಗೆ ಗೊತ್ತಿಲ್ಲ. ಎಂಆರ್‌ಎಫ್ ಬಳಗದ ಫನ್‌ಸ್ಕೂಲ್ ಕಂಪನಿ 1987ರಲ್ಲಿ ಹಾಸ್‌ಬ್ರೊ ಜೊತೆಗೂಡಿ ಶುರುವಾಯಿತು. ಕಾರ್ಖಾನೆ ಇದ್ದದ್ದು ಪಕ್ಕದ ಗೋವಾದಲ್ಲಿ. ಜಿ.ಐ. ಜೋ ಸೈನಿಕರು, ಕೆಲವು ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು ಇಲ್ಲಿಯೇ ತಯಾರಾದವು. ಅಮೆರಿಕದ ಅಚ್ಚು, ಆದರೆ ಜೋ ಸೈನಿಕರಿಗೆ ಅಮೆರಿಕ ಕಾಣದ ಬಣ್ಣಗಳು. ಅನಮೋಡ ಘಾಟು ಹತ್ತಿ ಖಾನಾಪುರದ ಮೇಲೆ ಹೋಗುವ ಲಾರಿಗಳಲ್ಲಿ ಆ ಬಾಕ್ಸುಗಳೂ ಇದ್ದಿರಬಹುದು. ಇಲ್ಲಿಯ ಹುಡುಗರಿಗೆ ಅದು ರೀಪೇಂಟ್ ಎಂದು ಗೊತ್ತೇ ಇರಲಿಲ್ಲ, ಅವರಿಗೆ ಅದೇ ಮೂಲ. ಈಗ ಹೊರದೇಶದ ಸಂಗ್ರಹಕಾರರು ಆ ವಿಚಿತ್ರ ಬಣ್ಣಗಳನ್ನೇ ಹುಡುಕಿಕೊಂಡು ಬರುತ್ತಾರೆ. ಇವುಗಳನ್ನು ಯಾವ ಕಡೆ ಹಾಕಬೇಕು? ನಾನು ಹಚ್ಚಿದ್ದರ ಕಡೆ ಹಾಕುತ್ತೇನೆ. ಪಾತ್ರವನ್ನು ಕಂಪನಿ ಬರೆಯಲಿಲ್ಲ, ಆಡಿದ ಹುಡುಗರು ಬರೆದರು.

ಬೆಳಗಾವಿಯ ಗಲ್ಲಿಗಳಲ್ಲಿ ದೀಪಾವಳಿಗೆ ಹುಡುಗರು ಮಣ್ಣಿನ ಕಿಲ್ಲೆ ಕಟ್ಟುತ್ತಾರಲ್ಲ, ಅಲ್ಲಿಯೂ ನಡೆಯುವುದು ಇದೇ. ಪೇಟೆಯಿಂದ ತಂದ ಮಾವಳೆ ಸೈನಿಕರು ಒಂದೇ ಅಚ್ಚಿನವರು. ಒಬ್ಬನ ರುಮಾಲು ಕೆಂಪು, ಇನ್ನೊಬ್ಬನದು ಕೇಸರಿ. ಬಾಗಿಲಲ್ಲಿ ನಿಂತವನು ಕಾವಲುಗಾರ ಆಗುತ್ತಾನೆ, ಬುರುಜಿನ ಮೇಲಿನವನು ಸುದ್ದಿ ಕೊಡುವವನಾಗುತ್ತಾನೆ. "ಇವ ನನ್ನ ಹತ್ರ ಅದಾನ, ಮತ್ತ್ಯಾಕ?" ಎಂದು ಯಾವ ಹುಡುಗನೂ ಕೇಳುವುದಿಲ್ಲ. ಡಬ್ಬಿ ಒಡೆಯದೆ, ಟೇಪು ಕೀಳದೆ ಇಟ್ಟು ಬೆಲೆ ಏರಲೆಂದು ಕಾಯುವವನ ಆರು ಜೆಟ್‌ಗಳು ಮಾತ್ರ ನಿಜಕ್ಕೂ ಒಂದೇ ಜೆಟ್.

ಬಣ್ಣ ಹಚ್ಚಿದ್ದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲಿನದು ಅಲ್ಟ್ರಾ ಮ್ಯಾಗ್ನಸ್. 1986ರ ಸಿನಿಮಾದಲ್ಲಿ ನಾಯಕ ಆಪ್ಟಿಮಸ್ ಪ್ರೈಮ್ ಸಾಯುತ್ತಾನೆ. ಸಾಯುವಾಗ ನಾಯಕತ್ವದ ಗುರುತಾದ ಮೇಟ್ರಿಕ್ಸ್ ಅನ್ನು ಮ್ಯಾಗ್ನಸ್ ಕೈಗಿಡುತ್ತಾನೆ. ಮ್ಯಾಗ್ನಸ್ ಎಷ್ಟು ಹೆಣಗಿದರೂ ಅದು ತೆರೆಯುವುದಿಲ್ಲ, ಕೊನೆಗೆ ತೆರೆಯುವವನು ಹಾಟ್ ರಾಡ್ ಎಂಬ ಹುಡುಗಾಟದವನು. ಸಿನಿಮಾ ನೋಡಿದವನಿಗೆ ಮ್ಯಾಗ್ನಸ್ ಒಬ್ಬ ದೊಡ್ಡ ಮೈಯ, ಸ್ವಲ್ಪ ತಬ್ಬಿಬ್ಬಾದ ಅಧಿಕಾರಿ. ಆಟಿಕೆ ಕೈಗೆ ಬಂದವನ ಕಥೆ ಬೇರೆ. ಅದು ಕಾರು ಸಾಗಿಸುವ ದೊಡ್ಡ ಲಾರಿ. ಟ್ರೇಲರ್ ಬಿಡಿಸಿದರೆ ನೀಲಿ ಕವಚ. ಕವಚದೊಳಗೆ ಕೂರುವುದು ಒಬ್ಬ ಬಿಳಿ ರೋಬೋಟ್. ಅದು ಪ್ರೈಮ್‌ನದೇ ಅಚ್ಚು: ಅದೇ ಮುಖ, ಅದೇ ಎದೆಯ ಕಿಟಕಿಗಳು, ಕೆಂಪು ಇದ್ದಲ್ಲಿ ಬಿಳಿ. ಸತ್ತ ಹಿರಿಯನ ಮೈಯನ್ನೇ ಒಳಗಿಟ್ಟುಕೊಂಡು, ಮೇಲೆ ಭಾರದ ಕವಚ ತೊಟ್ಟು, ಅವನ ಕುರ್ಚಿಯಲ್ಲಿ ಕೂರಲಾಗದೆ ಒದ್ದಾಡುವ ಮನುಷ್ಯ. ಇದನ್ನು ಯಾವ ಲೇಖಕನೂ ಬರೆಯಲಿಲ್ಲ. ಡಯಾಕ್ಲೋನ್ ಕಾಲದಿಂದ ಬಂದ ಅಚ್ಚಿಗೆ ಬಿಳಿ ಕೊಟ್ಟದ್ದರಿಂದ ತಾನಾಗಿ ಬಂತು. ಸಿನಿಮಾ ಆ ಬಿಳಿಯವನನ್ನು ತೋರಿಸಲೇ ಇಲ್ಲ.

ಆಮೇಲೆ ದೊಡ್ಡವರಿಗಾಗಿ ಬಂದ ಮಾಸ್ಟರ್‌ಪೀಸ್ ಸಾಲಿನಲ್ಲಿ ಎರಡನೆಯ ಆಟಿಕೆ ಈ ಮ್ಯಾಗ್ನಸ್ಸೇ. ಮೊದಲನೆಯದಾದ ಪ್ರೈಮ್‌ಗೆ ಬಿಳಿ ಬಣ್ಣ ಕೊಟ್ಟು, ಕವಚ ಇಲ್ಲದೆ ಬಿಟ್ಟರು. ಇಪ್ಪತ್ತೆರಡನೆಯದಾಗಿ ಮತ್ತೊಮ್ಮೆ ಬಂದಾಗ ಸಿನಿಮಾದಲ್ಲಿ ಇದ್ದ ಹಾಗೇ ಇರಬೇಕೆಂದು ಹೊಸ ಅಚ್ಚು ಮಾಡಿಸಿ, ಒಳಗಿನವನನ್ನು ತೆಗೆದೇ ಬಿಟ್ಟರು. ಕೆಲಸ ಅಚ್ಚುಕಟ್ಟಾಗಿದೆ, ಕೀಲುಗಳು ಬಿಗಿಯಾಗಿವೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಎದೆಯ ಒಳಗೆ ಮಾತ್ರ ಯಾರೂ ಇಲ್ಲ.