ಸ್ಮೃತಿಯೂ ರಸವೂ: ‘ಕವಿರತ್ನ ಕಾಳಿದಾಸ’ ಚಿತ್ರವನ್ನು ಮುಂದಿಟ್ಟುಕೊಂಡು ಒಂದು ವಿಚಾರ

೧

ಗತಕಾಲವನ್ನು ಕೊಂಡಾಡುವುದು ಮನುಷ್ಯಸ್ವಭಾವಕ್ಕೆ ಸಹಜವಾದುದು. ಆದರೆ ಆ ಕೊಂಡಾಟವು ವಿಮರ್ಶೆಯ ಪೀಠವನ್ನೇರಿ ತೀರ್ಪು ಕೊಡತೊಡಗಿದಾಗ ಅದಕ್ಕೆ ಅಧಿಕಾರವುಂಟೇ ಎಂದು ಪರೀಕ್ಷಿಸಬೇಕಾಗುವುದು. ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ಸೀಮೆಯಲ್ಲಿ ೧೯೮೦ರಿಂದ ೧೯೯೦ರ ವರೆಗೆ ಬಾಲ್ಯವನ್ನು ಕಳೆದವರು ಈಗ ಐವತ್ತರ ಆಸುಪಾಸಿನಲ್ಲಿರುವರು. ಅವರಲ್ಲಿ ಅನೇಕರು ಸಾಹಿತ್ಯದ ಉಪಾಧ್ಯಾಯರು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ನೋಡಿದ ಚಿತ್ರಗಳು, ಜಾತ್ರೆಯ ಅಂಗಡಿಸಾಲಿನಲ್ಲಿ ಕಿವಿಗೆ ಬಿದ್ದ ಕ್ಯಾಸೆಟ್ಟಿನ ಹಾಡುಗಳು, ೧೯೮೭ರ ಜನವರಿಯಿಂದ ೧೯೮೮ರ ಜುಲೈ ವರೆಗೆ ಭಾನುವಾರದ ಬೆಳಗಿನಲ್ಲಿ ನೆರೆಮನೆಯ ಟಿ.ವಿ.ಯ ಮುಂದೆ ಗುಂಪುಗೂಡಿ ಕಂಡ ‘ರಾಮಾಯಣ’, ಶಂಕರನಾಗರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇವನ್ನು ನೆನೆದಾಗ ಅವರ ಕಣ್ಣು ತೇವವಾಗುವುದು. ಇದರಲ್ಲಿ ದೋಷವೇನೂ ಇಲ್ಲ. ದೋಷವಿರುವುದು ಅದರ ಬೆನ್ನಿಗೇ ಬರುವ ಮಾತಿನಲ್ಲಿ. ಅಂದಿನದೆಲ್ಲವೂ ಕಲೆ, ಇಂದಿನದೆಲ್ಲವೂ ಕಸ ಎಂಬ ಮಾತಿನಲ್ಲಿ.

ಈ ಮಾತು ಜಗಲಿಯಲ್ಲಿ ಆಡಿದುದಾದರೆ ನಿರಪಾಯವಾದುದು. ತರಗತಿಯಲ್ಲಿ ಆಡಿದರೆ ಹಾಗಲ್ಲ. ಆ ಕಾಲದಲ್ಲಿ ಹುಟ್ಟದೆ ಇದ್ದುದೇ ಶಿಷ್ಯನ ಅಪರಾಧವೆಂದಾದರೆ, ಆ ಕೃತಿಗಳ ಗುಣವನ್ನು ಅವನು ತಿಳಿಯುವ ದಾರಿ ಯಾವುದು? ಗುಣವು ಕೃತಿಯಲ್ಲಿದ್ದರೆ ಅದನ್ನು ತೋರಿಸಬಹುದು; ನೋಡಿದವನ ವಯಸ್ಸಿನಲ್ಲಿ ಮಾತ್ರವೇ ಇದ್ದರೆ ಯಾರಿಗೂ ತೋರಿಸಲಾಗದು. ಆದುದರಿಂದ ಸ್ಮೃತಿಯ ಸುಖಕ್ಕೂ ರಸಾಸ್ವಾದಕ್ಕೂ ಭೇದವೇನು, ಸಂಬಂಧವೇನು ಎಂಬ ವಿಚಾರವು ಆವಶ್ಯಕವಾಗುವುದು.

೨

ಈ ವಿಚಾರದಲ್ಲಿ ಪ್ರಾಚೀನರು ಮೌನವಾಗಿಲ್ಲ. ಭರತನ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಔತ್ಸುಕ್ಯವೂ ಸೇರಿವೆ. ವ್ಯಭಿಚಾರಿಯು ರಸಕ್ಕೆ ಪೋಷಕವೇ ಹೊರತು ತಾನೇ ರಸವಲ್ಲ. ಬಂದು ಹೋಗುವುದು ಅದರ ಧರ್ಮ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿರುವನು. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುವುವು. ಕಂಡುದನ್ನು ತನ್ನದೆಂದೋ ಪರರದೆಂದೋ ನಿಯಮಿಸಿಕೊಂಡು ಒಂದು ದೇಶಕ್ಕೆ, ಒಂದು ಕಾಲಕ್ಕೆ ಕಟ್ಟುಬೀಳುವುದು ಒಂದು. ನಿಜಸುಖಾದಿವಿವಶೀಭಾವ, ಎಂದರೆ ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿ ಪರವಶನಾಗುವುದು ಇನ್ನೊಂದು. ಹಳೆಯ ಹಾಡೊಂದನ್ನು ಕೇಳಿದವನು ಹಾಡನ್ನು ಬಿಟ್ಟು, ಅದನ್ನು ಮೊದಲು ಕೇಳಿದ ಮನೆಯ ಹಜಾರವನ್ನೂ ಆಗ ಬದುಕಿದ್ದ ತಂದೆಯನ್ನೂ ನೆನೆದು ಕರಗಿದರೆ ಅವನು ಈ ಎರಡು ವಿಘ್ನಗಳಿಗೂ ಒಳಗಾಗಿರುವನು.

ಇಲ್ಲಿ ಸೋಜಿಗವೊಂದುಂಟು. ಈ ಸ್ವಸುಖವಿವಶತೆಗೆ ಅಭಿನವಗುಪ್ತನು ಹೇಳುವ ಪರಿಹಾರವು ವಾದ್ಯ, ಗಾನ, ವಿಚಿತ್ರವಾದ ಮಂಟಪ ಮೊದಲಾದುವು. ಮನೆಯ ಚಿಂತೆಯನ್ನು ಹೊತ್ತು ಬಂದವನನ್ನೂ ಗಾನವು ಸಾಧಾರಣಭೂಮಿಗೆ ಎಳೆದು ತರುವುದೆಂದು ತಾತ್ಪರ್ಯ. ಎಂಬತ್ತರ ದಶಕದ ಹಂಬಲದಲ್ಲಿಯಾದರೋ ಔಷಧವೇ ರೋಗಕಾರಣವಾಗಿರುವುದು. ಯಾವ ಗಾನವು ಕೇಳುವವನನ್ನು ತನ್ನಿಂದ ಬಿಡಿಸಬೇಕಾಗಿತ್ತೋ ಅದೇ ಗಾನವು ಅವನನ್ನು ತನಗೇ ಕಟ್ಟಿಹಾಕುವುದು.

ಹಾಗಾದರೆ ಹಂಬಲವು ಸರ್ವಥಾ ತ್ಯಾಜ್ಯವೇ? ಅಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನಿಗೆ, ಇಷ್ಟಜನರ ವಿರಹವು ಇಲ್ಲದಿದ್ದರೂ, ಬಲವಾದ ತಳಮಳವುಂಟಾಗುವುದು. ರಮ್ಯವಾದುದನ್ನು ಕಂಡು, ಮಧುರವಾದುದನ್ನು ಕೇಳಿ ಸುಖದಲ್ಲಿರುವವನೂ ಕಾತರಗೊಳ್ಳುವುದಕ್ಕೆ, ಮನಸ್ಸಿನಾಳದಲ್ಲಿ ನೆಲೆಸಿರುವ ಜನ್ಮಾಂತರದ ಸ್ನೇಹಗಳನ್ನು ಅವನು ಅರಿಯದೆಯೇ ನೆನೆಯುವುದು ಕಾರಣವಿರಬೇಕೆಂದು ಕವಿಯು ರಾಜನಿಂದ ಹೇಳಿಸಿರುವನು. ಅಭಿನವಗುಪ್ತನು ಈ ಶ್ಲೋಕವನ್ನು ಎತ್ತಿಕೊಂಡು, ಇಲ್ಲಿ ಹೇಳಿದ ಸ್ಮೃತಿಯು ತಾರ್ಕಿಕರ ಸ್ಮೃತಿಯಲ್ಲ, ಏಕೆಂದರೆ ಇದರ ವಿಷಯವು ಹಿಂದೆ ಅನುಭೂತವಾದುದಲ್ಲ, ಇದು ಪ್ರತಿಭಾನವೆಂಬ ಒಂದು ಸಾಕ್ಷಾತ್ಕಾರ ಎಂದು ವಿವರಿಸಿರುವನು. ತುಮಕೂರು ಜಿಲ್ಲೆಯ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ರಸವಿಚಾರದ ಪರಿಚಯವುಳ್ಳ ಕನ್ನಡಿಗರಿಗೆ ಈ ಭೇದವು ಕಷ್ಟವಾದುದಲ್ಲ. ಇಂತಿಂಥ ವರ್ಷ, ಇಂತಿಂಥ ಡೇರೆ ಎಂದು ಲೆಕ್ಕವಿಡುವ ಸ್ಮೃತಿಯು ಒಂದು. ಲೆಕ್ಕಕ್ಕೆ ಸಿಗದೆ ಹೃದಯವನ್ನು ವಿಸ್ತರಿಸುವ ಸ್ಮೃತಿಯು ಇನ್ನೊಂದು. ಮೊದಲನೆಯದು ಸಂತೋಷಕ್ಕೆ ಸಾಕು. ಎರಡನೆಯದು ಮಾತ್ರ ಕಾವ್ಯಕ್ಕೆ ಸಲ್ಲುವುದು.

೩

ಇನ್ನು ಲೆಕ್ಕವಿಡುವ ಸ್ಮೃತಿಯಾದರೂ ಲೆಕ್ಕವನ್ನು ಸರಿಯಾಗಿ ಇಡುವುದೇ ಎಂದರೆ ಅದೂ ಇಲ್ಲ. ಹದಿನಾರನೆಯ ಶತಮಾನದ ಬಲ್ಲಾಳನ ‘ಭೋಜಪ್ರಬಂಧ’ವನ್ನು ನೋಡಬಹುದು. ಧಾರಾನಗರದ ಭೋಜನು ಹನ್ನೊಂದನೆಯ ಶತಮಾನದವನು. ಬಲ್ಲಾಳನು ಅವನ ಆಸ್ಥಾನದಲ್ಲಿ ಕಾಳಿದಾಸ, ಬಾಣ, ಮಯೂರ, ಭವಭೂತಿ, ಮಾಘ ಇವರನ್ನೆಲ್ಲ ಒಟ್ಟಿಗೆ ಕುಳ್ಳಿರಿಸಿರುವನು. ಇತಿಹಾಸಜ್ಞರು ಇದನ್ನು ಅಜ್ಞಾನವೆನ್ನುವರು. ಆದರೆ ಇದು ಬರಿಯ ಅಜ್ಞಾನವಲ್ಲ, ಹಂಬಲದ ಕಾಲಗಣನೆ. ಒಳ್ಳೆಯ ಕವಿಗಳೆಲ್ಲರೂ ಒಳ್ಳೆಯ ದೊರೆಯ ಕಾಲದಲ್ಲಿಯೇ ಇದ್ದಿರಬೇಕೆಂದು ಮನಸ್ಸು ಬಯಸಿತು. ಬಯಸಿದುದನ್ನು ಕಥೆಯು ನಡೆಯಿಸಿಕೊಟ್ಟಿತು.

ಎಂಬತ್ತರ ದಶಕವೂ ಇಂಥದೇ ಒಂದು ಭೋಜನ ಆಸ್ಥಾನವಾಗಿ ಪರಿಣಮಿಸಿರುವುದು. ಆ ದಶಕದ ವೈಭವವೆಂದು ಹೇಳುವವರ ಪಟ್ಟಿಯಲ್ಲಿ ‘ಬಂಗಾರದ ಮನುಷ್ಯ’ವೂ ‘ನಾಗರಹಾವು’ ಚಿತ್ರವೂ ಸೇರಿರುವುದುಂಟು, ಅವೆರಡೂ ೧೯೭೨ರವು. ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯು ೧೯೭೮ರದು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯು ಪುಸ್ತಕವಾಗಿ ೧೯೪೨ರಲ್ಲಿಯೂ ಚಲನಚಿತ್ರವಾಗಿ ೧೯೯೨ರಲ್ಲಿಯೂ ಬಂದಿತು. ಕುಣಿಗಲ್ ಕೆರೆಯ ಸೊಬಗನ್ನು ಹಾಡುವ ಜನಪದ ಗೀತೆಗೆ ಕರ್ತೃವೂ ಇಲ್ಲ, ಇಸವಿಯೂ ಇಲ್ಲ. ಕ್ಯಾಸೆಟ್ಟಿನ ಮೂಲಕ ಅದನ್ನು ಮೊದಲು ಕೇಳಿದವರು ಮಾತ್ರ ಅದಕ್ಕೆ ತಮ್ಮ ಬಾಲ್ಯದ ಇಸವಿಯನ್ನೇ ಕೊಟ್ಟಿರುವರು. ಕೆರೆಯ ಏರಿಯ ಮೇಲೆ ನಡೆದಾಡುತ್ತ ಅದನ್ನು ಹಾಡಿಕೊಂಡ ಹಿಂದಿನ ತಲೆಮಾರುಗಳು ಈ ಲೆಕ್ಕದಲ್ಲಿ ಮರೆಯಾಗುವುವು. ಕೇಳಿದ ಕಾಲವನ್ನೇ ಹುಟ್ಟಿದ ಕಾಲವೆಂದು ತಿಳಿಯುವುದು ಈ ಭ್ರಾಂತಿಯ ಮೂಲ.

೪

ಈ ಪೀಠಿಕೆಯನ್ನು ಇಟ್ಟುಕೊಂಡು ಆ ದಶಕದ ಒಂದು ಕೃತಿಯನ್ನು ನಿಷ್ಪಕ್ಷಪಾತವಾಗಿ ನೋಡಬಹುದು. ೧೯೮೩ರಲ್ಲಿ ತೆರೆಕಂಡ ‘ಕವಿರತ್ನ ಕಾಳಿದಾಸ’ವು ಇದಕ್ಕೆ ತಕ್ಕ ಉದಾಹರಣೆ. ರೇಣುಕಾಶರ್ಮರ ನಿರ್ದೇಶನ, ಎಂ. ರಂಗರಾಯರ ಸಂಗೀತ, ಕಾಳಿದಾಸನಾಗಿ ರಾಜಕುಮಾರ್, ರಾಜಕುಮಾರಿ ವಿದ್ಯಾಧರೆಯಾಗಿ ಜಯಪ್ರದಾ, ಭೋಜರಾಜನಾಗಿ ಶ್ರೀನಿವಾಸಮೂರ್ತಿ. ೧೯೫೫ರಲ್ಲಿಯೇ ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ವು ಬಂದಿದ್ದಿತು, ಆದುದರಿಂದ ವಸ್ತುವು ಕನ್ನಡ ಚಿತ್ರಕ್ಕೆ ಹೊಸದಲ್ಲ.

ದೋಷಗಳನ್ನು ಮೊದಲು ಹೇಳುವುದು ಯುಕ್ತ. ಚಿತ್ರವು ಭೋಜಪ್ರಬಂಧದ ಸಂಪ್ರದಾಯವನ್ನೇ ಹಿಡಿದು ಕಾಳಿದಾಸನನ್ನು ಭೋಜನ ಆಸ್ಥಾನಕ್ಕೆ ತಂದಿರುವುದು. ಕಥೆಗೆ ಇದು ಕ್ಷಮ್ಯ. ಚಿತ್ರದಿಂದಲೇ ಚರಿತ್ರೆಯನ್ನು ಕಲಿತ ತಲೆಮಾರಿಗೆ ಇದನ್ನು ತಿದ್ದಿ ಹೇಳುವುದು ಉಪಾಧ್ಯಾಯರ ಕರ್ತವ್ಯ. ಇದಕ್ಕಿಂತ ಗುರುತರವಾದ ದೋಷವು ಕಾವ್ಯಹೇತುವಿನ ವಿಷಯದಲ್ಲಿರುವುದು. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಮೂರನ್ನೂ ಕೂಡಿಸಿ ಕಾವ್ಯಕ್ಕೆ ಒಂದೇ ಹೇತುವೆಂದಿರುವನು. ಚಿತ್ರದಲ್ಲಿ ಕಾಳಿಯ ಅನುಗ್ರಹವೊಂದೇ ಮೂರನ್ನೂ ಒಂದೇ ಇರುಳಿನಲ್ಲಿ ಕೊಟ್ಟುಬಿಡುವುದು. ಕುರಿ ಕಾಯುವವನು ಕವಿಯಾಗುವುದಕ್ಕೆ ಓದಬೇಕಾಗಿಲ್ಲ, ತಪ್ಪಬೇಕಾಗಿಲ್ಲ, ತಿದ್ದಿಕೊಳ್ಳಬೇಕಾಗಿಲ್ಲ. ಐತಿಹ್ಯವು ಹಾಗೆಯೇ ಇರುವುದೆಂಬುದು ನಿಜ. ಆದರೂ ರಘುವಂಶದ ಕರ್ತೃವಿನ ಶ್ರಮವು ಹೀಗೆ ಕಾಣದಂತಾಗುವುದು.

ಇನ್ನು ಗುಣಗಳು. ಪ್ರಧಾನವಾದುದು ವಾಚಿಕಾಭಿನಯ. ಮೊದಲ ಭಾಗದ ಕುರುಬನ ಮಾತು ನಾಡಿನ ಹಳ್ಳಿಯದು, ಮೊಟಕಾದುದು, ಮುಗ್ಧವಾದುದು. ಅನುಗ್ರಹವಾದ ಬಳಿಕ ಅದೇ ಬಾಯಿಂದ ಸಂಸ್ಕೃತಭೂಯಿಷ್ಠವಾದ ಪ್ರೌಢ ಕನ್ನಡವು ಹೊರಡುವುದು. ಎರಡು ಭಾಷಾಶೈಲಿಗಳ ನಡುವಣ ಈ ಅಂತರವನ್ನು ನಟನೊಬ್ಬನು ಉಸಿರಿನ ನಿಲುಗಡೆಯಿಂದ, ಮಹಾಪ್ರಾಣದ ಸ್ಪಷ್ಟತೆಯಿಂದ, ಸ್ವರದ ಏರಿಳಿತದಿಂದ ದಾಟಿ ತೋರಿಸಿರುವನು. ಇದು ಆ ವರ್ಷ ಅಲ್ಲಿ ಇದ್ದವರಿಗೆ ಮಾತ್ರ ಕಾಣುವ ಗುಣವಲ್ಲ. ಇಂದು ಕೇಳುವ ಬಾಲಕನಿಗೂ ತೋರಿಸಿಕೊಡಬಹುದಾದುದು. ಕಾಳಿದಾಸನದೆಂದು ಸಂಪ್ರದಾಯವು ಹೇಳುವ ಶ್ಯಾಮಲಾದಂಡಕವನ್ನು ರಾಜಕುಮಾರರು ಈ ಚಿತ್ರದಲ್ಲಿ ತಾವೇ ಹಾಡಿದರು. ಪಾಠಶಾಲೆಯ ಮೆಟ್ಟಿಲನ್ನೇ ಹತ್ತದವರ ಮನೆಯಲ್ಲಿಯೂ ದಂಡಕದ ದೀರ್ಘ ಸಮಾಸಗಳು ಕ್ಯಾಸೆಟ್ಟಿನಿಂದ ಮೊಳಗಿದುವು. ಅರ್ಥವು ತಿಳಿಯದಿದ್ದರೂ ಶಬ್ದದ ಗತಿಯು ಕಿವಿಗೆ ಒಗ್ಗಿತು. ಪಂಡಿತವರ್ಗವು ಈ ಉಪಕಾರವನ್ನು ಅಲ್ಲಗಳೆಯಬಾರದು.

ಚಿತ್ರದೊಳಗೆ ಶಾಕುಂತಲದ ಪ್ರಸಂಗವೂ ಸೇರಿರುವುದು. ಮೂಲದ ವಿಸ್ತಾರವನ್ನು ಅಲ್ಲಿ ಅಪೇಕ್ಷಿಸಲಾಗದು. ಆದರೆ ಹಂಬಲದ ಸ್ವರೂಪವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕವಿಯನ್ನು ಕುರಿತ ಚಿತ್ರವೇ ಇಂದು ಹಂಬಲಕ್ಕೆ ಆಲಂಬನವಾಗಿರುವುದು ಗಮನಾರ್ಹ. ದುಷ್ಯಂತನು ತಳಮಳಗೊಂಡನು, ಆದರೆ ಯಾರನ್ನು ಮರೆತಿರುವೆನೆಂಬುದು ಅವನಿಗೆ ತಿಳಿಯಲಿಲ್ಲ. ಎಂಬತ್ತರ ದಶಕವನ್ನು ಹಂಬಲಿಸುವವರ ಸ್ಥಿತಿಯೂ ಇದೇ. ಅವರು ಮರೆತುದು ಯಾವುದು?

೫

ಮರೆತುದು ಗುಬ್ಬಿ. ‘ಕವಿರತ್ನ ಕಾಳಿದಾಸ’ದ ವಾಚಿಕವು ೧೯೮೩ರಲ್ಲಿ ಹುಟ್ಟಿದುದಲ್ಲ. ೧೮೮೪ರಲ್ಲಿ ಗುಬ್ಬಿಯಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು, ಗುಬ್ಬಿ ವೀರಣ್ಣನವರ (೧೮೯೧–೧೯೭೨) ನೇತೃತ್ವದಲ್ಲಿ, ಕನ್ನಡದ ನಟನಿಗೆ ಮಾತನ್ನು ಕಲಿಸಿದ ಪಾಠಶಾಲೆಯಾಗಿದ್ದಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಅಕ್ಷರಾಕ್ಷರವಾಗಿ ಕೇಳಿಸಬೇಕೆಂಬುದು ಅಲ್ಲಿಯ ಮೊದಲ ಪಾಠ. ತುಮಕೂರಿನ ಬಳಿಯ ಬೆಳ್ಳಾವಿಯ ನರಹರಿಶಾಸ್ತ್ರಿಗಳು ಆ ಸಂಘಕ್ಕೆ ನಾಟಕಗಳನ್ನು ಬರೆದುಕೊಟ್ಟರು. ೧೯೩೪ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತನ್ನೂ ಹಾಡನ್ನೂ ಒದಗಿಸಿದವರು ಅವರೇ. ಇದಕ್ಕೂ ಹಿಂದೆ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ರಂಗಕ್ಕೆ ಕೊಟ್ಟು ‘ಅಭಿನವ ಕಾಳಿದಾಸ’ರೆನಿಸಿದ್ದರು. ಹೀಗೆ ಕನ್ನಡ ರಂಗದ ಮಾತಿಗೆ ಕಾಳಿದಾಸನ ಸಂಬಂಧವು ಒಂದು ಶತಮಾನದ್ದು.

ರಾಜಕುಮಾರರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಸಂಘದ ನಟರು. ಮಗನ ಶಾಲಾವಿದ್ಯಾಭ್ಯಾಸವು ಎಳವೆಯಲ್ಲಿಯೇ ನಿಂತಿತು, ರಂಗವೇ ಶಾಲೆಯಾಯಿತು. ಹರಿಹರನ ರಗಳೆಯಿಂದ ಕನ್ನಡಿಗರಿಗೆ ಪರಿಚಿತನಾದ ಕಣ್ಣಪ್ಪನ ಪಾತ್ರದಲ್ಲಿ, ೧೯೫೪ರ ‘ಬೇಡರ ಕಣ್ಣಪ್ಪ’ದ ಮೂಲಕ, ಅವರು ನಾಯಕರಾದರು. ತಿಪಟೂರಿನ ನರಸಿಂಹರಾಜು, ಜಿ. ವಿ. ಅಯ್ಯರ್ ಇವರೂ ಆ ಚಿತ್ರದಲ್ಲಿದ್ದರು. ಅದು ಬಹುಮಟ್ಟಿಗೆ ಗುಬ್ಬಿಯ ರಂಗವೇ ತೆರೆಗೆ ಬಂದ ಬಗೆ. ಅಲ್ಲಿಂದ ‘ಕವಿರತ್ನ ಕಾಳಿದಾಸ’ಕ್ಕೆ ಇಪ್ಪತ್ತೊಂಬತ್ತು ವರ್ಷಗಳ ಅಭ್ಯಾಸ.

ಇಲ್ಲಿ ಹಿಂದೆ ಹೇಳಿದ ದೋಷಕ್ಕೊಂದು ಸಮಾಧಾನವು ದೊರೆಯುವುದು. ಕಥೆಯಲ್ಲಿ ಕಾಳಿದಾಸನಿಗೆ ಅಭ್ಯಾಸವಿಲ್ಲ. ಆದರೆ ಅವನ ಪಾತ್ರವನ್ನು ಧರಿಸಿದ ನಟನಲ್ಲಿ ಅಭ್ಯಾಸವಲ್ಲದೆ ಬೇರೆ ಏನೂ ಇಲ್ಲ. ಅಕ್ಷರವರಿಯದವನು ಅನುಗ್ರಹದಿಂದ ವಾಗ್ಮಿಯಾದನೆಂದು ಕಥೆಯು ಹೇಳುವುದು. ಶಾಲೆ ಬಿಟ್ಟ ಬಾಲಕನು ಗುಬ್ಬಿಯ ರಂಗದ ಮೇಲೆ ನಾಲಗೆಯನ್ನು ತಿದ್ದಿತಿದ್ದಿ ವಾಗ್ಮಿಯಾದನೆಂದು ಅಭಿನಯವು ಹೇಳುವುದು. ನೋಡಿದವರು ಕಥೆಯನ್ನು ನಂಬಿದರು, ಮೆಚ್ಚಿದುದು ಅಭಿನಯವನ್ನು. ಮಮ್ಮಟನ ಮೂರನೆಯ ಹೇತುವು ಕಥೆಯಿಂದ ಬಹಿಷ್ಕೃತವಾಗಿ ನಟನಲ್ಲಿ ಬಂದು ನೆಲೆಸಿತು.

೬

ತುಮಕೂರಿನ ರಂಗಮಂದಿರವು ವೀರಣ್ಣನವರ ಹೆಸರನ್ನು ಹೊತ್ತು ಕಲಾಕ್ಷೇತ್ರವೆನಿಸಿರುವುದು. ಬಾಲ್ಯದಲ್ಲಿ ಆ ಸಂಘವನ್ನು ಸೇರಿದ ಬಿ. ವಿ. ಕಾರಂತರು ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಮ್ಮ ‘ಸ್ಪಂದನ’ ತಂಡದೊಡನೆ ಅದೇ ದಶಕದಲ್ಲಿ ರಂಗದ ಮೇಲಿದ್ದರು. ಇವೂ ಎಂಬತ್ತರ ದಶಕದವೇ. ಹಂಬಲದ ಪಟ್ಟಿಯಲ್ಲಿ ಇವಕ್ಕೆ ಸ್ಥಾನವು ವಿರಳ. ಏಕೆಂದರೆ ಪಟ್ಟಿಯು ಡೇರೆಯಲ್ಲಿಯೂ ಕ್ಯಾಸೆಟ್ಟಿನಲ್ಲಿಯೂ ಮನೆಗೆ ಬಂದುದನ್ನು ಮಾತ್ರ ಎಣಿಸುವುದು.

ಒಟ್ಟಿನಲ್ಲಿ ಸಿದ್ಧಾಂತವಿದು. ಹಂಬಲವು ವಿಮರ್ಶೆಗೆ ಶತ್ರುವಲ್ಲ, ಪ್ರಮಾಣವೂ ಅಲ್ಲ. ಅದು ಪ್ರಶ್ನೆಯ ಆರಂಭ. ಒಂದು ಹಾಡು ಮನಸ್ಸನ್ನು ಕಲಕಿದರೆ, ಕಲಕಿದುದು ಹಾಡಿನ ಗುಣವೋ ಹಾಡನ್ನು ಕೇಳಿದ ಹಜಾರವೋ ಎಂದು ಕೇಳಿಕೊಳ್ಳಬೇಕು. ಹಜಾರವಾದರೆ ಅದನ್ನು ಗೌರವದಿಂದ ಎದೆಯಲ್ಲಿಟ್ಟುಕೊಳ್ಳಬೇಕು, ತರಗತಿಗೆ ತರಬಾರದು. ಹಾಡಿನ ಗುಣವಾದರೆ ಅದರ ಕಾರಣವನ್ನು ಹುಡುಕಿ, ಹಿಂದಕ್ಕೆ ನಡೆದು, ಅದನ್ನು ಕಲಿಸಿದವರ ಬಾಗಿಲಿಗೆ ಹೋಗಬೇಕು. ದುಷ್ಯಂತನಿಗೆ ಉಂಗುರವು ಬೆಸ್ತನ ಕೈಯಿಂದ ಮರಳಿ ಬಂದಿತು. ಈ ಸೀಮೆಯ ಉಪಾಧ್ಯಾಯರಿಗೆ ಉಂಗುರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ತುಮಕೂರಿನಿಂದ ಗುಬ್ಬಿಯು ಕೆಲವೇ ಹರಿದಾರಿಯ ದಾರಿ.