ಹಳೆಯ ವಿಡಿಯೋ ಆಟಗಳೂ ಸ್ಟ್ರೀಮಿಂಗ್ ಸೇವೆಯೂ

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ, ಇಂದ್ರಾದಿ ದೇವತೆಗಳು ಪಿತಾಮಹನನ್ನು ಕಂಡು, ಕಣ್ಣಿಗೂ ಕಿವಿಗೂ ಒಂದೇ ಕಾಲದಲ್ಲಿ ಒದಗುವಂಥ ಆಟದ ವಸ್ತುವೊಂದನ್ನು ಬೇಡಿದರೆಂದೂ, ಆ ಬೇಡಿಕೆಯಿಂದಲೇ ನಾಟ್ಯವು ಹುಟ್ಟಿತೆಂದೂ ಹೇಳಿದೆ. ನಾಟಕವನ್ನು ಐದನೆಯ ವೇದವೆಂದು ಕೊಂಡಾಡಿದ ಶಾಸ್ತ್ರವೇ ಅದರ ಹುಟ್ಟನ್ನು ಆಟಿಕೆಯಲ್ಲಿ ಕಂಡಿರುವಾಗ, ಆಟವು ವಿಮರ್ಶೆಗೆ ತಕ್ಕ ವಿಷಯವಲ್ಲವೆಂದು ತಳ್ಳಿಬಿಡುವುದು ಉಚಿತವಾಗಲಾರದು. ಇಂದಿನ ಮನೆಗಳಲ್ಲಿ ಮಕ್ಕಳು ಮಾತ್ರವಲ್ಲದೆ ನಡುಹರೆಯದ ಗೃಹಸ್ಥರೂ ತಮ್ಮ ಬಾಲ್ಯದ ವಿಡಿಯೋ ಆಟಗಳನ್ನು ಹುಡುಕಿ ಆಡುತ್ತಿರುವುದು ಕಂಡುಬರುತ್ತದೆ. ಹಿಂದೆ ಈ ಆಟಗಳು ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿದ್ದವು. ಈಗ ಸ್ಟ್ರೀಮಿಂಗ್ ಎಂಬ ಸೇವೆಯ ಮೂಲಕ ತಂತಿಯಲ್ಲಿ ಹರಿದು ಬರುತ್ತಿವೆ. ಈ ಬದಲಾವಣೆಯಿಂದ ಹಳೆಯ ಕೃತಿಗೆ ಆದ ಲಾಭವೇನು, ನಷ್ಟವೇನು ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಸೇವೆಯ ಸ್ವರೂಪವನ್ನು ತಿಳಿಯಬೇಕು. ಸ್ಟ್ರೀಮಿಂಗಿನಲ್ಲಿ ಆಟವು ಆಡುವವನ ಯಂತ್ರಕ್ಕೆ ಬರುವುದೇ ಇಲ್ಲ. ಅದು ದೂರದ ಯಂತ್ರಾಗಾರವೊಂದರಲ್ಲಿ ನಡೆಯುತ್ತದೆ. ಇಲ್ಲಿ ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗಿ, ಅಲ್ಲಿ ಮೂಡಿದ ಚಿತ್ರವು ಇಲ್ಲಿಗೆ ಬರುತ್ತದೆ. ಹಳೆಯ ಆಟಗಳಿಗೇ ಮೀಸಲಾದ ಆಂಟ್‌ಸ್ಟ್ರೀಮ್ ಆರ್ಕೇಡ್ ಎಂಬ ಸೇವೆಯು 2019ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ಆಂಟ್‌ಸ್ಟ್ರೀಮಿನ ನೆರವಿನಿಂದ, ಆ್ಯಕ್ಟಿವಿಷನ್ ಕಂಪನಿಯ ಐವತ್ತಕ್ಕೂ ಹೆಚ್ಚು ಹಳೆಯ ಆಟಗಳನ್ನು ತನ್ನ ಚಂದಾದಾರರಿಗೆ ಒದಗಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟಗಳ ಸ್ಟ್ರೀಮಿಂಗ್ ಭಾರತಕ್ಕೂ ಬಂದಿತು.

ಶೆಟ್ಟಿಕೆರೆಯ ಸೀಮೆಗೆ ಇಂಥ ಆಟಗಳು ಹೊಸವಲ್ಲ. 1990ರ ದಶಕದಲ್ಲಿ ಕರ್ನಾಟಕದ ಸಣ್ಣ ಪೇಟೆಗಳ ಅಂಗಡಿಗಳಲ್ಲಿ ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯೂ ಅದರ ಕ್ಯಾಸೆಟ್ಟುಗಳೂ ದೊರೆಯುತ್ತಿದ್ದವು. ಹಲವು ಕ್ಯಾಸೆಟ್ಟುಗಳ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂಬ ಘೋಷಣೆ ಇರುತ್ತಿತ್ತು; ಹಾಕಿ ನೋಡಿದರೆ ಮಾರಿಯೋ, ಕಾಂಟ್ರಾ, ಬಾತುಬೇಟೆ ಮೊದಲಾದ ಕೆಲವೇ ಆಟಗಳು ಹೆಸರು ಬದಲಾಯಿಸಿಕೊಂಡು ಪುನಃ ಪುನಃ ಬರುತ್ತಿದ್ದವು. ಅವುಗಳಲ್ಲಿ ಬಹುಪಾಲು ಒಡೆಯರ ಅಪ್ಪಣೆಯಿಲ್ಲದ ನಕಲುಗಳೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಅವು ಮನೆಯ ವಸ್ತುಗಳಾಗಿದ್ದವು. ಕೆಟ್ಟರೆ ಊದಿ ಹಾಕುತ್ತಿದ್ದರು, ಬೇಸರವಾದರೆ ನೆರೆಮನೆಯವರೊಡನೆ ಬದಲಾಯಿಸಿಕೊಳ್ಳುತ್ತಿದ್ದರು, ರಜೆ ಮುಗಿದರೆ ಅಟ್ಟಕ್ಕೆ ಹಾಕುತ್ತಿದ್ದರು. ಈ ಮಾತು ಮುಂದಿನ ವಿವೇಚನೆಗೆ ಅವಶ್ಯವಾದುದು.

ಹಳೆಯ ಆಟದಲ್ಲಿ ವಿಮರ್ಶಕನು ಮೆಚ್ಚತಕ್ಕ ಗುಣವೇನಿದೆ? ಮೊದಲನೆಯದು ಲಾಘವ. 1982ರಲ್ಲಿ ಡೇವಿಡ್ ಕ್ರೇನ್ ಎಂಬುವನು ಅಟಾರಿ ಯಂತ್ರಕ್ಕಾಗಿ ರಚಿಸಿದ ‘ಪಿಟ್‌ಫಾಲ್’ ಇದಕ್ಕೆ ನಿದರ್ಶನ. ಮೇಲೆ ಹೇಳಿದ ಆ್ಯಕ್ಟಿವಿಷನ್ ಆಟಗಳ ಸಾಲಿನಲ್ಲಿ ಇದೂ ಸೇರಿದೆ. ಕಾಡಿನಲ್ಲಿ ಓಡುವ ಒಬ್ಬ ಸಾಹಸಿ, ಇಪ್ಪತ್ತು ನಿಮಿಷಗಳ ಅವಧಿ, ಮೂವತ್ತೆರಡು ನಿಧಿಗಳು, ಮೂರು ಪ್ರಾಣಗಳು, 255 ದೃಶ್ಯಗಳು. ಇಷ್ಟೂ 4096 ಬೈಟುಗಳಲ್ಲಿ ಅಡಗಿದೆ. ಬೈಟೆಂದರೆ ಒಂದು ರೋಮನ್ ಅಕ್ಷರಕ್ಕೆ ಬೇಕಾಗುವ ಎಡೆ. ಎಂದಮೇಲೆ ಇಡೀ ಆಟವು ಮಾಸಪತ್ರಿಕೆಯ ಒಂದೆರಡು ಪುಟಗಳಷ್ಟೇ ಆಯಿತು. ಅಷ್ಟು ದೃಶ್ಯಗಳನ್ನು ಒಂದೊಂದಾಗಿ ಬರೆದಿಡಲು ಅಲ್ಲಿ ಎಡೆಯಿಲ್ಲ. ಆದಕಾರಣ ಒಂದು ದೃಶ್ಯದ ಸಂಖ್ಯೆಯಿಂದ ಮುಂದಿನ ದೃಶ್ಯದ ಸಂಖ್ಯೆಯು ಒಂದೇ ಗಣಿತಸೂತ್ರದಿಂದ ಹುಟ್ಟುವಂತೆಯೂ, ಆ ಸಂಖ್ಯೆಯೇ ಮರಗಳ ಜೋಡಣೆ, ಹೊಂಡ, ಮೊಸಳೆ, ನಿಧಿ ಎಲ್ಲವನ್ನೂ ನಿರ್ಣಯಿಸುವಂತೆಯೂ ಕರ್ತೃವು ಏರ್ಪಡಿಸಿದನು. ಸೂತ್ರಕಾರರ ಗ್ರಂಥಗಳನ್ನು ಬಲ್ಲವರಿಗೆ ಈ ಮಿತವ್ಯಯದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಧ್ವನಿ. 1989ರಲ್ಲಿ ಜೋರ್ಡನ್ ಮೆಕ್ನರ್ ಪ್ರಕಟಿಸಿದ ‘ಪ್ರಿನ್ಸ್ ಆಫ್ ಪರ್ಷಿಯ’ ಆಟದ ನಾಯಕನಿಗೆ ರಾಜಕುಮಾರಿಯನ್ನು ಬಿಡಿಸಲು ಇರುವ ಕಾಲ ಅರವತ್ತು ನಿಮಿಷ. ಕರ್ತೃವು ತನ್ನ ತಮ್ಮನನ್ನು ಓಡಿಸಿ, ನೆಗೆಯಿಸಿ, ಆ ಚಲನಚಿತ್ರವನ್ನು ನೋಡಿ ನಾಯಕನ ನಡೆಯನ್ನು ತಿದ್ದಿದ್ದರಿಂದ ಆ ಬೊಂಬೆಗೆ ಮನುಷ್ಯನ ದೇಹಭಾರ ಬಂದಿದೆ. ದಾರಿಯಲ್ಲೊಂದು ಕನ್ನಡಿ ಅಡ್ಡ ನಿಲ್ಲುತ್ತದೆ. ನಾಯಕನು ಅದನ್ನು ಹಾಯ್ದು ನೆಗೆದಾಗ ಅವನ ಛಾಯೆಯು ಬೇರ್ಪಟ್ಟು ಓಡಿಹೋಗುತ್ತದೆ. ಮುಂದೆ ಅವನು ಕುಡಿಯಬೇಕಾದ ಔಷಧವನ್ನು ಅದೇ ಕುಡಿದುಬಿಡುತ್ತದೆ. ಕೊನೆಗೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಛಾಯೆಗೆ ಹೊಡೆದ ಪ್ರತಿಯೊಂದು ಪೆಟ್ಟೂ ಹೊಡೆದವನಿಗೇ ತಗಲುತ್ತದೆ. ಆಡುವವನು ತಾನಾಗಿ ಕತ್ತಿಯನ್ನು ಒರೆಗೆ ಸೇರಿಸಿ ಮುನ್ನಡೆದರೆ ಮಾತ್ರ ಎರಡೂ ಒಂದಾಗುತ್ತವೆ. ಇದನ್ನು ಯಾರೂ ಮಾತಿನಲ್ಲಿ ಬೋಧಿಸುವುದಿಲ್ಲ; ಕೈ ತಡೆದಾಗ ಅರ್ಥ ಹೊಳೆಯುತ್ತದೆ. ಶೆಟ್ಟಿಕೆರೆಯಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲೇ, ತೀರ್ಥಪುರದಲ್ಲಿ, 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸವನ್ನೂ ಧ್ವನಿಯನ್ನೂ ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ್ದಾರೆ. ಆ ವಿವರಣೆಯ ಬೆಳಕಿನಲ್ಲಿ ನೋಡಿದರೆ ಈ ಆಟದ ವಿಶೇಷ ತೋರುತ್ತದೆ: ನಾಟಕದಲ್ಲಿ ಸಹೃದಯನು ಕುಳಿತು ನೋಡುತ್ತಾನೆ, ಇಲ್ಲಿ ಸಹೃದಯನೇ ನಟನೂ ಆಗಿ, ಅವನ ಕ್ರಿಯೆಯಿಂದಲೇ ಅರ್ಥವು ಪೂರ್ಣವಾಗುತ್ತದೆ.

ಇಂಥ ಕೃತಿಗಳನ್ನು ಎಲ್ಲರಿಗೂ ಎಟಕಿಸುವುದು ಸ್ಟ್ರೀಮಿಂಗ್ ಸೇವೆಯ ನಿಜವಾದ ಉಪಕಾರ. ನಲವತ್ತು ವರ್ಷದ ಯಂತ್ರವನ್ನು ಹುಡುಕಿ ತರುವ ಕಷ್ಟವಿಲ್ಲ. ಕೆಟ್ಟರೆ ರಿಪೇರಿ ಮಾಡುವವನನ್ನು ಅರಸಬೇಕಾಗಿಲ್ಲ. ಕೈಯಲ್ಲಿರುವ ದೂರವಾಣಿಯೇ ಸಾಕು. ತೋಟದ ಮನೆಯಲ್ಲಿ ಕುಳಿತ ಹುಡುಗಿಗೂ ಲಂಡನ್ನಿನ ಹುಡುಗನಿಗೂ ಪುಸ್ತಕದ ಒಂದೇ ಪುಟ ತೆರೆಯುತ್ತದೆ. ಹಕ್ಕುದಾರರ ಅಪ್ಪಣೆ ಪಡೆದೇ ಇದು ನಡೆಯುವುದರಿಂದ ಕಳ್ಳ ನಕಲಿನ ಕಳಂಕವೂ ಇಲ್ಲ. ಇಷ್ಟನ್ನು ಒಪ್ಪದೆ ದೋಷವನ್ನು ಮಾತ್ರ ಎಣಿಸುವುದು ಪಕ್ಷಪಾತವಾದೀತು.

ದೋಷಗಳು ಮೂರು. ಒಂದನೆಯದು ಲಯಭಂಗ. ಈ ಆಟಗಳಲ್ಲಿ ತೆರೆಯ ಚಿತ್ರವು ಸೆಕೆಂಡಿಗೆ ಸುಮಾರು ಅರವತ್ತು ಸಲ ಹೊಸದಾಗುತ್ತದೆ. ಪಿಟ್‌ಫಾಲ್‌ನಲ್ಲಿ ಮೊಸಳೆಯ ಬಾಯಿ ಮುಚ್ಚಿದ ಗಳಿಗೆಯಲ್ಲಿ ಅದರ ತಲೆಯ ಮೇಲೆ ಕಾಲಿಡಬೇಕು. ತೂಗುವ ಬಳ್ಳಿ ಹತ್ತಿರ ಬಂದಾಗಲೇ ನೆಗೆಯಬೇಕು. ಗುಂಡಿಯ ಸುದ್ದಿ ದೂರ ಹೋಗಿ ಚಿತ್ರವಾಗಿ ಮರಳುವುದರೊಳಗೆ ಕೆಲವು ಚಿತ್ರಗಳಷ್ಟು ಕಾಲ ಕಳೆದಿರುತ್ತದೆ. ಹಾಡುಗಾರನು ಒಂದು ಕೋಣೆಯಲ್ಲೂ ಮೃದಂಗದವನು ಮತ್ತೊಂದು ಕೋಣೆಯಲ್ಲೂ ಕುಳಿತಂತೆ ತಾಳವು ತುಸು ತಪ್ಪುತ್ತದೆ. ನಿಧಾನವಾಗಿ ಯೋಚಿಸಿ ಆಡುವ ಚದುರಂಗದಂಥ ಆಟಗಳಿಗೆ ಇದರಿಂದ ಹಾನಿಯಿಲ್ಲ. ನೆಗೆತವೇ ಜೀವಾಳವಾದ ಆಟಗಳಿಗೆ ಉಂಟು. ತಪ್ಪು ತನ್ನದೋ ತಂತಿಯದೋ ಎಂಬ ಸಂಶಯ ಬಂದಕೂಡಲೇ ಆಟದ ನ್ಯಾಯವೇ ಕೆಡುತ್ತದೆ.

ಎರಡನೆಯದು ಖಂಡಪಾಠ. ಆಂಟ್‌ಸ್ಟ್ರೀಮ್ ಸೇವೆಯು ಆಟಗಳಿಂದ ಚಿಕ್ಕ ಚಿಕ್ಕ ಪಂಥಗಳನ್ನು ಬಿಡಿಸಿ ಒಡ್ಡುತ್ತದೆ: ಇಷ್ಟು ಹೊತ್ತಿನಲ್ಲಿ ಇಷ್ಟು ಅಂಕ, ಇಷ್ಟು ನಾಣ್ಯ. ಬೆಂಗಳೂರಿನ ಆನ್‌ಮೊಬೈಲ್ ಸಂಸ್ಥೆಯು ರೂಪಿಸಿದ ಆನ್ಮೊ ಎಂಬ ಸೇವೆಯೂ ಆಟಗಳ ತುಣುಕುಗಳನ್ನೇ ಆರಿಸಿ ಸ್ಪರ್ಧೆಗೆ ಇಟ್ಟಿತು. ಬಿಡಿಭಾಗದಲ್ಲಿ ರಸವಿಲ್ಲವೆಂದು ಹೇಳುವಂತಿಲ್ಲ. ಗಮಕಿಯು ಕುಮಾರವ್ಯಾಸಭಾರತದ ಒಂದೇ ಸಂಧಿಯನ್ನು ಎತ್ತಿಕೊಂಡು ಓದುತ್ತಾನೆ. ಆದರೆ ಕೇಳುವ ಸಭೆಗೆ ಹಿಂದಿನದೂ ಮುಂದಿನದೂ ಗೊತ್ತಿರುತ್ತದೆ. ಕನ್ನಡಿಯನ್ನು ಹಾಯದವನಿಗೆ ಛಾಯೆಯೊಡನೆ ಕಾಳಗವನ್ನು ಮಾತ್ರ ಕೊಟ್ಟರೆ ಅವನಿಗೆ ಅದು ಕತ್ತಿವರಸೆಯಾಗಿ ಕಂಡೀತೇ ಹೊರತು ಬೇರೇನೂ ಆಗಲಾರದು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಸೇವೆಯು ಆಟವನ್ನು ತೋರಿಸುತ್ತದೆ, ಕೊಡುವುದಿಲ್ಲ. ಹೊಸ ಆಟಗಳು ಬಹು ದೊಡ್ಡವಾದ್ದರಿಂದ ಅವನ್ನು ದೂರದಲ್ಲಿ ನಡೆಸಿ ಚಿತ್ರವನ್ನು ಮಾತ್ರ ಕಳುಹಿಸುವುದಕ್ಕೆ ಕಾರಣವುಂಟು. ಹಳೆಯ ಆಟಗಳಿಗೆ ಆ ಕಾರಣ ಹೊಂದುವುದಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ಹರಿಯುವ ತಂತಿಯಲ್ಲಿ ಒಂದು ಸೆಕೆಂಡಿಗೆ ಹನ್ನೆರಡೂವರೆ ಲಕ್ಷ ಬೈಟುಗಳು ಸಾಗುತ್ತವೆ. ಅಷ್ಟರಲ್ಲಿ ಪಿಟ್‌ಫಾಲ್ ಆಟವನ್ನು ಇಡಿಯಾಗಿ ಮುನ್ನೂರು ಸಲ ಕಳುಹಿಸಬಹುದು. ಒಂದು ಸಲ ಕಳುಹಿಸಿದರೆ ಸಾಕಾಗುವ ಪುಟ್ಟ ಗ್ರಂಥವನ್ನು ಕೈಗೆ ಕೊಡದೆ, ಅದರ ಚಿತ್ರವನ್ನು ಗಂಟೆಗಟ್ಟಲೆ ಹರಿಸುವುದಕ್ಕೆ ತಾಂತ್ರಿಕವಾದ ಅವಶ್ಯಕತೆ ಕಾಣದು. ಗ್ರಂಥವು ಒಡೆಯನ ಪೆಟ್ಟಿಗೆಯಲ್ಲೇ ಉಳಿಯಲೆಂಬುದೇ ಅದರ ಫಲ. ಚಂದಾ ನಿಂತರೆ ಆಟ ನಿಲ್ಲುತ್ತದೆ. ಕಂಪನಿಯ ಮನಸ್ಸು ತಿರುಗಿದರೂ ನಿಲ್ಲುತ್ತದೆ. ಗೂಗಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಆರಂಭಿಸಿದ ಸ್ಟೇಡಿಯ ಎಂಬ ಸ್ಟ್ರೀಮಿಂಗ್ ಸೇವೆಯನ್ನು 2023ರ ಜನವರಿ 18ರಂದು ಮುಚ್ಚಿತು. ಕೊಂಡವರಿಗೆ ಹಣ ಹಿಂದಿರುಗಿತು. ಕೊಂಡ ಆಟವು ಅಲ್ಲಿ ಉಳಿಯಲಿಲ್ಲ.

ಉಳಿಸುವ ಕೆಲಸವು ಪುಸ್ತಕಭಂಡಾರಗಳದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಅಂಥವುಗಳನ್ನು ದೂರದ ಸಂಶೋಧಕರಿಗೂ ಆಡಿ ನೋಡಲು ಒದಗಿಸುವ ಅವಕಾಶವನ್ನು ಗ್ರಂಥಾಲಯಗಳ ಪರವಾಗಿ ಬೇಡಿದಾಗ, ಅಲ್ಲಿನ ಕೃತಿಸ್ವಾಮ್ಯ ಕಚೇರಿಯು 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಅಂಗಡಿಯು ಹರಿಸಬಹುದು, ಗ್ರಂಥಾಲಯವು ಹರಿಸಬಾರದು ಎಂಬಂತಾಯಿತು. ಅಂಗಡಿಯು ಲಾಭವಿರುವ ಕೆಲವನ್ನು ಆರಿಸುತ್ತದೆ, ಮಿಕ್ಕವುಗಳ ಗತಿಯೇನು? ಪ್ರಿನ್ಸ್ ಆಫ್ ಪರ್ಷಿಯದ ಮೂಲಲಿಪಿ 2012ರಲ್ಲಿ ಬೆಳಕಿಗೆ ಬಂದದ್ದು ಕರ್ತೃವಿನ ತಂದೆಯು ಮನೆಯಲ್ಲಿದ್ದ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಕಂಡು ಮಗನಿಗೆ ಕಳುಹಿಸಿದ್ದರಿಂದ; ಯಾವ ಕಂಪನಿಯ ಜಾಗರೂಕತೆಯಿಂದಲೂ ಅಲ್ಲ.

ಈ ವಿಷಯದಲ್ಲಿ ಮೈಸೂರು ದೇಶದ ಪರಂಪರೆಯು ಸ್ಮರಣೀಯವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು. ದೇವತಾಮೂರ್ತಿಗಳ ಲಕ್ಷಣ ಬರೆಸಿದ ಗ್ರಂಥದಲ್ಲೇ ಆಟಕ್ಕೂ ಪೀಠ ಕೊಟ್ಟರು. ಕ್ರಮವು ಬರಹದಲ್ಲಿದ್ದರೆ ಮಣೆಯನ್ನು ಯಾರೂ ಮಾಡಿಕೊಳ್ಳಬಹುದು. ಹುಲಿ–ಕುರಿ, ಚೌಕಾಬಾರಗಳ ಮನೆಗಳು ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಇಂದಿಗೂ ಕಾಣುತ್ತವೆ. ಆಡಲು ಯಾರ ಚಂದಾವೂ ಬೇಕಾಗಿಲ್ಲ. ಇನ್ನು ಪ್ರತಿಯ ಮಹತ್ತ್ವಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಯ ಪ್ರತಿಯಿಂದಲೇ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರು ಗ್ರಂಥವನ್ನು ಓದಿ ತೋರಿಸಿ ಓಲೆಯನ್ನು ಮನೆಗೆ ಒಯ್ದಿದ್ದರೆ ಈ ಮುದ್ರಣಕ್ಕೆ ಆಧಾರವೇ ಇರುತ್ತಿರಲಿಲ್ಲ.

ತೆಂಗಿನ ಸೀಮೆಯ ಗೃಹಸ್ಥರಿಗೆ ಈ ಭೇದವು ಸುಲಭವಾಗಿ ತಿಳಿದೀತು. ಎಳನೀರು ದಾರಿಯಲ್ಲಿ ಬಾಯಾರಿಕೆಯನ್ನು ಕಳೆಯುತ್ತದೆ, ಅದನ್ನು ನಿಂದಿಸುವವರಾರು? ಆದರೆ ತಿಪಟೂರಿನ ಪೇಟೆಗೆ ಹೆಸರು ತಂದದ್ದು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾದ ಕೊಬ್ಬರಿ. ಸ್ಟ್ರೀಮಿಂಗ್ ಸೇವೆಯು ಎಳನೀರು. ಅದರಿಂದ ತೃಪ್ತರಾಗಿ ಅಟ್ಟವನ್ನೇ ಬರಿದುಮಾಡಿಕೊಳ್ಳುವುದು ವಿವೇಕವಲ್ಲ.

ಆದ್ದರಿಂದ ಈ ಸೇವೆಯನ್ನು ವಾಚನಾಲಯದ ಮೇಜಿನಂತೆ ಬಳಸುವುದು ಯುಕ್ತ. ಗ್ರಂಥಭಂಡಾರವೆಂದು ನಂಬುವುದು ಯುಕ್ತವಲ್ಲ. ಮನೆಯ ಅಟ್ಟದಲ್ಲಿ ಹಳೆಯ ಆಟದ ಪೆಟ್ಟಿಗೆಯೂ ಕ್ಯಾಸೆಟ್ಟೂ ಉಳಿದಿದ್ದರೆ ಅವನ್ನು ಗುಜರಿಯವನಿಗೆ ಕೊಡದೆ ಇಟ್ಟುಕೊಳ್ಳಬೇಕು. ವಿಶ್ವವಿದ್ಯಾನಿಲಯಗಳೂ ಸಾರ್ವಜನಿಕ ಗ್ರಂಥಾಲಯಗಳೂ ಕರ್ನಾಟಕದಲ್ಲಿ ತಯಾರಾದ ಆಟಗಳನ್ನಾದರೂ, ಅವು ಪುಸ್ತಕಗಳಂತೆಯೇ ಈ ನಾಡಿನವರ ಕೃತಿಗಳೆಂದೆಣಿಸಿ, ಪ್ರತಿಸಹಿತವಾಗಿ ಸಂಗ್ರಹಿಸಬೇಕು. ಕೃತಿಯು ಆಡುವವರ ಕೈಯಲ್ಲಿ ಜೀವಿಸುತ್ತದೆ. ಆ ಕೈಗೆ ಎಂದಾದರೊಂದು ದಿನ ಪ್ರತಿಯು ಸಿಕ್ಕುವಂತಿದ್ದರೆ ಮಾತ್ರ ಅದು ಮುಂದಿನವರಿಗೂ ಉಳಿದೀತು.