ಬಿಗುಮಾನ ಸಡಿಲಿಸುವ ಆಟ ಮತ್ತು ಮಾತಿನ ಹೊಣೆ

ವ್ಯಾಪಾರದ ಮನೆತನಗಳಲ್ಲಿ ಹುಟ್ಟಿದ ಅನೇಕ ತರುಣರು ಇಂದು ಮಾರಾಟದ ಮೊದಲ ಪಾಠವನ್ನು ತಂದೆಯ ಅಂಗಡಿಯಲ್ಲಿ ಕಲಿಯದೆ ಕಂಪನಿಗಳ ಮಾರಾಟ ವಿಭಾಗಗಳಲ್ಲಿ ಕಲಿಯುತ್ತಾರೆ. ಅಲ್ಲಿ ತಿಂಗಳ ಗುರಿಯ ಲೆಕ್ಕ ಒಪ್ಪಿಸುವ ಸಭೆಗೆ ಮುನ್ನ ‘ಐಸ್‌ಬ್ರೇಕರ್’ ಎಂಬ ಪುಟ್ಟ ಆಟ ನಡೆಯುವುದುಂಟು. ತನ್ನ ವಿಷಯದಲ್ಲಿ ಎರಡು ನಿಜ ಮತ್ತು ಒಂದು ಸುಳ್ಳು ಹೇಳುವುದು, ಉಳಿದವರು ಆ ಸುಳ್ಳನ್ನು ಗುರುತಿಸುವುದು ಒಂದು ಬಗೆ. ವಾರದ ತಪ್ಪೊಂದನ್ನು ಎಲ್ಲರೆದುರು ಹೇಳಿಕೊಳ್ಳುವುದು ಮತ್ತೊಂದು ಬಗೆ. ಹೀಗೆ ಬಿಗುಮಾನ ಸಡಿಲವಾದರೆ, ಜೊತೆಗಾರರು ಒಬ್ಬರ ಕುಂದನ್ನು ಇನ್ನೊಬ್ಬರು ಪ್ರಾಮಾಣಿಕವಾಗಿ, ಆದರೂ ಅಕ್ಕರೆಯಿಂದ ತಿಳಿಸಿಯಾರು ಎಂಬುದು ಇದರ ಆಶಯ. ಆಶಯ ಒಳ್ಳೆಯದೇ. ಸಾಧನವು ಅದಕ್ಕೆ ತಕ್ಕುದೇ ಎಂಬುದು ಮಾತ್ರ ವಿಚಾರಾರ್ಹ.

ಈ ಆಶಯವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದ ಗ್ರಂಥ ಕಿಮ್ ಸ್ಕಾಟ್ ಅವರ ‘ರ್‍ಯಾಡಿಕಲ್ ಕ್ಯಾಂಡರ್’ (2017). ಲೇಖಕಿ ಗೂಗಲ್ ಸಂಸ್ಥೆಯಲ್ಲಿ ಆಡ್‌ಸೆನ್ಸ್ ಜಾಹೀರಾತು ಸೇವೆಯ ಮಾರಾಟ ತಂಡಗಳನ್ನು ನಡೆಸಿದವರು. ವ್ಯಕ್ತಿಯ ಮೇಲೆ ಕಾಳಜಿಯಿರಬೇಕು, ದೋಷವನ್ನು ನೇರವಾಗಿ ಹೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಮಾತು ಕೆಡುತ್ತದೆ ಎಂಬುದು ಅವರ ವಾದದ ಸಾರ. ಕಾಳಜಿಯಿಲ್ಲದ ನೇರ ಮಾತು ಒರಟುತನವಾಗುತ್ತದೆ. ನೋಯಿಸಲಾರದೆ ದೋಷವನ್ನು ಮುಚ್ಚಿಡುವ ಮರುಕವು ಎದುರಿನವರನ್ನೇ ಹಾಳುಮಾಡುತ್ತದೆ. ಈ ಎರಡನೆಯ ಎಚ್ಚರಿಕೆಯೇ ಗ್ರಂಥದ ನಿಜವಾದ ಬೆಲೆ.

ಅವರು ಹೇಳುವ ಪ್ರಸಂಗವೊಂದು ಮನನೀಯ. ಸಂಸ್ಥೆಯ ಹಿರಿಯರೆದುರು ಅವರು ವಿಷಯ ಮಂಡಿಸಿ ಯಶಸ್ವಿಯಾಗಿ ಹೊರಬಂದಾಗ, ಮೇಲಧಿಕಾರಿಯಾಗಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಜೊತೆಯಲ್ಲಿ ನಡೆಯುತ್ತ, ಮೊದಲು ಮೆಚ್ಚಿ, ಆಮೇಲೆ ಮಾತಿನ ನಡುವೆ ‘ಅಂ’ ಎನ್ನುವ ಅಭ್ಯಾಸವನ್ನು ಎತ್ತಿ ತೋರಿಸಿದರಂತೆ. ಸ್ಕಾಟ್ ಅದನ್ನು ಹಗುರವಾಗಿ ತಳ್ಳಿಹಾಕಿದಾಗ, ಆ ಅಭ್ಯಾಸದಿಂದ ಅವರು ಬುದ್ಧಿಹೀನರಂತೆ ಕಾಣುತ್ತಾರೆಂದು ಬಿಚ್ಚಿ ಹೇಳಿದರು. ಸಂಸ್ಥೆಯ ಖರ್ಚಿನಲ್ಲಿ ಭಾಷಣ ತರಬೇತಿ ಕೊಡಿಸುವುದಾಗಿಯೂ ತಿಳಿಸಿದರು. ಇಲ್ಲಿ ಯಾವ ಆಟವೂ ನಡೆದಿಲ್ಲವೆಂಬುದನ್ನು ಗಮನಿಸಬೇಕು. ಮಾತು ಏಕಾಂತದ್ದು, ದೋಷ ನಿರ್ದಿಷ್ಟವಾದದ್ದು, ತಿದ್ದಿಕೊಳ್ಳಲು ನೆರವು ಕೈಯಲ್ಲೇ ಇತ್ತು.

ಅದೇ ಗ್ರಂಥದಲ್ಲಿ ಆಟವೂ ಒಂದಿದೆ. ಸಭೆಗೆ ಗೊಂಬೆ ಕೋತಿಯೊಂದನ್ನು ತರುವುದು. ತಪ್ಪನ್ನು ಎದ್ದುನಿಂತು ಹೇಳಿದವರಿಗೆ ಕ್ಷಮೆಯೊಂದಿಗೆ ಆ ಗೊಂಬೆಯೂ ಸಲ್ಲುತ್ತದೆ. ಮೊದಮೊದಲು ಯಾರೂ ಬಾಯಿ ಬಿಡದಿದ್ದಾಗ ಲೇಖಕಿ ಗೊಂಬೆಯ ತಲೆಯ ಮೇಲೆ 20 ಡಾಲರ್ ನೋಟು ಇಟ್ಟರು. ಉಪಾಯ ಫಲಿಸಿತು. ಆದರೆ ಆ ಮೌನಕ್ಕೆ ಕಾರಣವೇನೆಂದು ಕೇಳುವ ಮೊದಲೇ ಅದಕ್ಕೆ ಬೆಲೆ ಕಟ್ಟಿದಂತಾಯಿತಲ್ಲವೇ? ಸಂಬಳಕ್ಕಾಗಿ ದುಡಿಯುವವನು ಸಂಬಳ ಕೊಡುವವನೆದುರು ಮೌನವಾಗಿರುವುದು ಸಂಕೋಚದಿಂದಲ್ಲ, ಲೆಕ್ಕಾಚಾರದಿಂದ. ಟೀಕೆಯನ್ನು ನಾಯಕನು ತಾನೇ ಮೊದಲು ಬೇಡಿ ಪಡೆಯಬೇಕೆಂದು ಲೇಖಕಿಯೇ ಒತ್ತಿ ಹೇಳುತ್ತಾರೆ. ಆಟವನ್ನು ಎತ್ತಿಕೊಂಡು ಈ ಉಪದೇಶವನ್ನು ಬಿಡುವ ಸಂಸ್ಥೆಗಳು ಗ್ರಂಥದ ಹೊಟ್ಟನ್ನು ಮಾತ್ರ ಆರಿಸಿಕೊಂಡಂತೆ.

ಮೌನದ ಬೆಲೆಯನ್ನು ಕೊನೆಗೆ ತೆರುವವನು ಗ್ರಾಹಕ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಗ್ರಾಹಕನೊಬ್ಬನಿಗೆ ಎಂಟು ಸೇವೆಗಳನ್ನು ಮಾರಬೇಕೆಂಬ ಘೋಷಣೆಯಿತ್ತು. ಗುರಿ ಮುಟ್ಟಲು ನೌಕರರು ಗ್ರಾಹಕರಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರು ಅದಾಗಲೇ ಕೆಲಸ ಕಳೆದುಕೊಂಡಿದ್ದರು. ದೂರು ಹೇಳಲು ಅಲ್ಲಿ ದಾರಿಯಿರಲಿಲ್ಲವೆಂದಲ್ಲ. ನೀತಿಗೆಂದೇ ಮೀಸಲಾದ ದೂರವಾಣಿಯಿತ್ತು. ಆದರೆ ವಂಚನೆಯ ಶಂಕೆಯನ್ನು ವರದಿ ಮಾಡಿ ಕೆಲಸ ಕಳೆದುಕೊಂಡ ವ್ಯವಸ್ಥಾಪಕರೊಬ್ಬರನ್ನು ಮರಳಿ ಸೇರಿಸಿಕೊಂಡು, ಸುಮಾರು 54 ಲಕ್ಷ ಡಾಲರ್ ಕೊಡಬೇಕೆಂದು ಅಲ್ಲಿನ ಕಾರ್ಮಿಕ ಇಲಾಖೆ 2017ರಲ್ಲಿ ಆದೇಶಿಸಬೇಕಾಯಿತು. ನಿಜ ಹೇಳಿದವನ ಗತಿ ಹೀಗಾಗುವಲ್ಲಿ ಯಾವ ಆಟ ತಾನೇ ಬಾಯಿ ಬಿಡಿಸೀತು?

ಸತ್ಯವ್ರತದ ಸ್ಥಿರತೆಗೆ ತತ್ತ್ವಾರ್ಥಸೂತ್ರವು ಐದು ಭಾವನೆಗಳನ್ನು ಹೇಳಿದೆ: ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಮತ್ತು ವಿಚಾರಿಸಿ ಆಡುವ ನುಡಿ. ಮಾರಾಟದ ಕೊಠಡಿಯಲ್ಲಿ ಲೋಭ ಗುರಿಯ ರೂಪದಲ್ಲಿಯೂ ಭಯ ವಜಾದ ರೂಪದಲ್ಲಿಯೂ ತಿಂಗಳಿಡೀ ಕುಳಿತಿರುತ್ತವೆ. ಅವನ್ನು ಕದಲಿಸದೆ, ಹತ್ತು ನಿಮಿಷದ ಹಾಸ್ಯವನ್ನು ಮಾತ್ರ ಸೇರಿಸಿದರೆ ಸತ್ಯಕ್ಕೆ ಎಡೆ ದೊರೆಯಲಾರದು. ಗುರುವಿನ ಮುಂದೆ ಮಾಡುವ ಆಲೋಚನೆಯಲ್ಲೂ ಜನರ ಗದ್ದಲದ ನಡುವೆ ದೋಷ ಹೇಳಿಕೊಳ್ಳುವುದನ್ನು ‘ಶಬ್ದಾಕುಲಿತ’ವೆಂಬ ದೋಷವಾಗಿಯೇ ಎಣಿಸಿದ್ದಾರೆ. ಅಲ್ಲಿ ಹೇಳಿದವನಿಗೆ ಹೇಳಿದ ತೃಪ್ತಿ ಮಾತ್ರ. ತಿದ್ದುವವನಿಗೆ ಅದು ಕೇಳಿಸಿಯೇ ಇರುವುದಿಲ್ಲ.

ಆಟವೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಹೊಸಬರ ಹೆಸರು, ಊರು ತಿಳಿಯಲು ಅದು ಸಾಕು. ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಬಾರದು. ನಮ್ಮ ಅಂಗಡಿಗಳಲ್ಲಿ, ಬಸದಿಗಳ ಟ್ರಸ್ಟ್ ಸಭೆಗಳಲ್ಲಿ ಕೂಡ ಗುಮಾಸ್ತನೊಬ್ಬನು ಲೆಕ್ಕದ ತಪ್ಪನ್ನು ಕಂಡೂ ಸುಮ್ಮನಿರುವ ಸಂದರ್ಭಗಳು ಬಾರದಿರವು. ಆಗ ಯಜಮಾನನಾದವನು ಅವನನ್ನು ಪ್ರತ್ಯೇಕವಾಗಿ ಕರೆದು ಕೂರಿಸಿ, ತನ್ನದೊಂದು ತಪ್ಪನ್ನು ಮೊದಲು ಒಪ್ಪಿಕೊಂಡು, ಬಳಿಕ ಕೇಳಲಿ. ಉತ್ತರ ಕಹಿಯಾದರೂ ನಡುವೆ ಬಾಯಿ ಹಾಕದಿರಲಿ. ಮುಂದಿನ ತಿಂಗಳ ಲೆಕ್ಕದಲ್ಲಿ ಆ ತಪ್ಪು ತಿದ್ದಿರುವುದನ್ನೂ, ಹೇಳಿದವನು ತನ್ನ ಜಾಗದಲ್ಲೇ ಗೌರವದಿಂದ ಇರುವುದನ್ನೂ ಉಳಿದವರು ಕಂಡರೆ, ಮತ್ತೊಬ್ಬನು ಕರೆಯದೆಯೇ ಬಂದು ಹೇಳುತ್ತಾನೆ.